ಶಬ್ದಗಳ ಅರ್ಥವನ್ನು ಅರಸಿದ ಸಮುವೇಲ ಜಾನ್ಸನನು

ಇಂಗ್ಲಿಷ್ ಕಲಿಯುವ ನಮ್ಮ ಹುಡುಗ ಹುಡುಗಿಯರು ಒಂದು ಹೊಸ ಶಬ್ದವನ್ನು ಕಂಡಾಗ ಅದರ ಪಕ್ಕದಲ್ಲಿ ಒಂದು ಕನ್ನಡ ಶಬ್ದವನ್ನು ಬರೆದುಕೊಂಡು, ಎರಡನ್ನೂ ಬಾಯಿಪಾಠ ಮಾಡಿ, ಆ ಶಬ್ದವು ತಮಗೆ ಬಂದಿತೆಂದು ಎಣಿಸುವದುಂಟು. ಆದರೆ ಅದನ್ನು ಒಂದು ವಾಕ್ಯದಲ್ಲಿ ಇಟ್ಟು ಮಾತಾಡಬೇಕಾದಾಗ ತಡವರಿಸುತ್ತಾರೆ. ಇದಕ್ಕೆ ಕಾರಣವೇನು? ನಮ್ಮ ಕನ್ನಡದ ಹಿಡಿ ಎಂಬ ಚಿಕ್ಕ ಮಾತನ್ನೇ ನೋಡಿರಿ. ಬೆಸ್ತನು ಮೀನು ಹಿಡಿಯುತ್ತಾನೆ; ಆಷಾಢದಲ್ಲಿ ಮಳೆ ಹಿಡಿಯುತ್ತದೆ; ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ; ಮಗುವು ಹಟ ಹಿಡಿಯುತ್ತದೆ; ಪ್ರಯಾಣಿಕನು ದಾರಿ ಹಿಡಿಯುತ್ತಾನೆ; ಕೊಳಗದಲ್ಲಿ ಇಷ್ಟು ಸೇರು ಭತ್ತ ಹಿಡಿಯುತ್ತದೆ. ಕೈಯಿಂದ ಹಿಡಿಯುವದೆಂಬ ಒಂದೇ ಅರ್ಥವನ್ನು ಬಲ್ಲ ಪರದೇಶಿಯು ಇವುಗಳಲ್ಲಿ ಮೊದಲನೆಯದನ್ನು ಮಾತ್ರ ತಿಳಿದಾನು. ಇಂಗ್ಲಿಷ್ ಶಬ್ದಗಳ ಸಂಗತಿಯೂ ಹೀಗೆಯೇ ಇರುತ್ತದೆ. ಶಬ್ದದ ಅರ್ಥವು ಅದರ ಬಳಕೆಯಿಂದಲೇ ತಿಳಿಯಬರುವದೆಂಬ ಈ ಸತ್ಯವನ್ನು ಇಂಗ್ಲಿಷರಿಗೇ ಅವರ ಸ್ವಂತ ಭಾಷೆಯಲ್ಲಿ ತೋರಿಸಿಕೊಟ್ಟ ಬಡ ಪಂಡಿತನೊಬ್ಬನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

೧. ಬಾಲ್ಯವೂ ಬಡತನವೂ

ಸಮುವೇಲ ಜಾನ್ಸನನು ೧೭೦೯ನೆಯ ಇಸವಿ ಸಪ್ಟಂಬರ್ ೧೮ರಲ್ಲಿ ಇಂಗ್ಲೆಂಡಿನ ಲಿಚ್‌ಫೀಲ್ಡ್ ಎಂಬ ಊರಿನಲ್ಲಿ ಹುಟ್ಟಿದನು. ಅವನ ತಂದೆಯಾದ ಮೈಕಲ್ ಜಾನ್ಸನನು ಪುಸ್ತಕದ ವ್ಯಾಪಾರಿಯಾಗಿದ್ದನು. ಕೂಸಾಗಿರುವಾಗಲೇ ಗಂಡಮಾಲೆಯ ರೋಗವು ಅವನನ್ನು ಹಿಡಿದು, ಮುಖದಲ್ಲಿಯೂ ಕುತ್ತಿಗೆಯಲ್ಲಿಯೂ ಅಳಿಸಲಾಗದ ಕಲೆಗಳನ್ನುಂಟುಮಾಡಿ, ಒಂದು ಕಣ್ಣಿನ ದೃಷ್ಟಿಯನ್ನು ಬಹುಮಟ್ಟಿಗೆ ಕೆಡಿಸಿತು. ಅರಸರು ಮುಟ್ಟಿದರೆ ಈ ರೋಗವು ವಾಸಿಯಾಗುವದೆಂದು ಆ ಕಾಲದ ಜನರು ನಂಬಿದ್ದರಿಂದ ತಾಯಿಯು ೧೭೧೨ರಲ್ಲಿ ಮಗುವನ್ನು ಲಂಡನಿಗೆ ಕೊಂಡುಹೋಗಿ ಆನ್ ರಾಣಿಯ ಕೈಯಿಂದ ಮುಟ್ಟಿಸಿದಳು. ರೋಗವು ವಾಸಿಯಾಗಲಿಲ್ಲ. ಆಗ ದೊರೆತ ಚಿನ್ನದ ಬಿಲ್ಲೆಯನ್ನು ಮಾತ್ರ ಅವನು ಸಾಯುವ ತನಕ ಕೊರಳಲ್ಲಿ ಧರಿಸಿಕೊಂಡಿದ್ದನು.

ದೇಹವು ಕುಂದಿದ್ದರೂ ಬುದ್ಧಿಯು ತೀಕ್ಷ್ಣವಾಗಿತ್ತು. ತಂದೆಯ ಅಂಗಡಿಯಲ್ಲಿ ಕೈಗೆ ಸಿಕ್ಕಿದ ಪುಸ್ತಕಗಳನ್ನೆಲ್ಲಾ ಅವನು ಓದಿದನು. ೧೭೨೮ರಲ್ಲಿ ಆಕ್ಸ್‌ಫರ್ಡ್ ವಿದ್ಯಾಪೀಠದ ಪೆಂಬ್ರೋಕ್ ಕಾಲೇಜಿಗೆ ಸೇರಿದನು. ಆದರೆ ಅಲ್ಲಿ ಅವನ ಪಾದರಕ್ಷೆಗಳು ಹರಿದು ಬೆರಳುಗಳು ಹೊರಗೆ ಕಾಣುತ್ತಿದ್ದವು. ಯಾರೋ ದಯಾಳುವು ಹೊಸ ಜೋಡೊಂದನ್ನು ಅವನ ಕೋಣೆಯ ಬಾಗಿಲಲ್ಲಿ ಗುಟ್ಟಾಗಿ ಇಟ್ಟುಹೋದನು. ಜಾನ್ಸನನು ಅದನ್ನು ಕಂಡು ಅವಮಾನದಿಂದ ಸಿಟ್ಟುಗೊಂಡು ಎಸೆದುಬಿಟ್ಟನು. ಹಣವಿಲ್ಲದೆ ಹದಿಮೂರು ತಿಂಗಳಲ್ಲಿಯೇ ವಿದ್ಯಾಪೀಠವನ್ನು ಬಿಟ್ಟು, ಪದವಿಯಿಲ್ಲದೆ ಮನೆಗೆ ಹಿಂದಿರುಗಬೇಕಾಯಿತು.

ಈ ಗರ್ವವು ಇನ್ನೊಂದು ವಿಷಯದಲ್ಲಿ ಅವನನ್ನು ಎಡವಿಸಿತು. ಅವನ ತಂದೆಯು ನೆರೆಯ ಯುಟಾಕ್ಸೆಟರ್ ಎಂಬ ಊರಿನ ಸಂತೆಗೆ ಹೋಗಿ ಪುಸ್ತಕದ ಮಳಿಗೆಯನ್ನು ಹಾಕುತ್ತಿದ್ದನು. ಒಂದು ದಿವಸ ಮಗನು ತನ್ನ ಸಂಗಡ ಸಂತೆಗೆ ಬರಬೇಕೆಂದು ಕೇಳಿಕೊಂಡನು. ಆಕ್ಸ್‌ಫರ್ಡಿನಲ್ಲಿ ಓದಿದ ತಾನು ಸಂತೆಯಲ್ಲಿ ಪುಸ್ತಕ ಮಾರುವದೇ ಎಂದು ಮಗನು ಒಪ್ಪಲಿಲ್ಲ. ಮುದುಕನು ಒಬ್ಬನೇ ಹೋದನು. ೧೭೩೧ನೆಯ ಡಿಸೆಂಬರಿನಲ್ಲಿ ತಂದೆಯು ತೀರಿಹೋದನು. ಮಗನ ಪಾಲಿಗೆ ಬಂದ ಆಸ್ತಿಯು ಇಪ್ಪತ್ತು ಪೌಂಡು ಮಾತ್ರ. ಸಂತೆಯ ಈ ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಡಲಿ. ಜಾನ್ಸನನು ಇದನ್ನು ಮರೆಯಲಿಲ್ಲವೆಂಬದನ್ನು ಮುಂದೆ ಕಾಣುವೆವು.

೨. ಲಂಡನಿಗೆ ಬಂದದ್ದು

ಅವನು ಕೆಲವು ಕಾಲ ಉಪಾಧ್ಯಾಯನಾಗಿದ್ದು, ೧೭೩೫ರಲ್ಲಿ ತನಗಿಂತ ಇಪ್ಪತ್ತು ವರುಷ ಹಿರಿಯಳಾದ ಎಲಿಜಬೆತ್ ಪೋರ್ಟರ್ ಎಂಬ ವಿಧವೆಯನ್ನು ಮದುವೆಯಾದನು. ಜನರು ನಕ್ಕರೂ ಆ ದಂಪತಿಗಳ ಪ್ರೀತಿಯು ನಿಜವಾದದ್ದಾಗಿತ್ತು. ಅವಳ ಹಣದಿಂದ ತೆರೆದ ಶಾಲೆಗೆ ಬೆರಳೆಣಿಕೆಯ ಮಕ್ಕಳು ಮಾತ್ರ ಬಂದದ್ದರಿಂದ ಅದು ಮುಚ್ಚಿಹೋಯಿತು. ೧೭೩೭ರಲ್ಲಿ, ಮುಂದೆ ಪ್ರಸಿದ್ಧ ನಟನಾದ ಡೇವಿಡ್ ಗ್ಯಾರಿಕ್ ಎಂಬ ತನ್ನ ಶಿಷ್ಯನ ಸಂಗಡ ಅವನು ಲಂಡನಿಗೆ ಹೊರಟನು. ಅಲ್ಲಿ ಪತ್ರಿಕೆಗಳಿಗೆ ಬರೆದುಕೊಡುತ್ತಾ ಅಲ್ಪಸ್ವಲ್ಪ ಸಂಪಾದಿಸಿದನು. ಮಲಗಲು ಸ್ಥಳವಿಲ್ಲದ ಒಬ್ಬ ಸ್ನೇಹಿತನ ಜೊತೆಯಲ್ಲಿ ರಾತ್ರಿಯೆಲ್ಲಾ ಬೀದಿಗಳನ್ನು ಸುತ್ತಿದ ದಿನಗಳೂ ಇದ್ದವು.

೩. ನಿಘಂಟಿನ ಕೆಲಸ

ಆ ಕಾಲದಲ್ಲಿ ಇಂಗ್ಲಿಷ್ ನಿಘಂಟುಗಳು ಇರಲಿಲ್ಲವೆಂದಲ್ಲ. ಆದರೆ ಹಳೆಯವುಗಳು ಕಠಿಣ ಶಬ್ದಗಳಿಗೆ ಮಾತ್ರ ಅರ್ಥ ಹೇಳುತ್ತಿದ್ದವು. ಅನಂತರ ಬಂದವುಗಳೂ ಒಂದು ಶಬ್ದಕ್ಕೆ ಬದಲಾಗಿ ಇನ್ನೊಂದು ಶಬ್ದವನ್ನಿಟ್ಟು ಸುಮ್ಮನಾಗುವದು ಹೆಚ್ಚು. ಅದನ್ನು ಎಲ್ಲಿ, ಹೇಗೆ ಬಳಸಬೇಕೆಂಬದನ್ನು ಅವು ಸರಿಯಾಗಿ ತೋರಿಸುತ್ತಿದ್ದಿಲ್ಲ. ಲಂಡನಿನ ಕೆಲವು ಪುಸ್ತಕದ ವ್ಯಾಪಾರಿಗಳು ಕೂಡಿಕೊಂಡು ೧೭೪೬ರಲ್ಲಿ ಜಾನ್ಸನನ ಸಂಗಡ ಕರಾರು ಮಾಡಿದರು. ಅವನಿಗೆ ೧,೫೭೫ ಪೌಂಡು ಕೊಡುವದೆಂದೂ, ಸಹಾಯಕರ ಸಂಬಳವನ್ನು ಅದರಿಂದಲೇ ಅವನು ಕೊಡಬೇಕೆಂದೂ ನಿಶ್ಚಯವಾಯಿತು. ಫ್ರಾನ್ಸ್ ದೇಶದಲ್ಲಿ ನಾಲ್ವತ್ತು ಮಂದಿ ಪಂಡಿತರ ಸಭೆಯು ಐವತ್ತಕ್ಕಿಂತಲೂ ಹೆಚ್ಚು ವರುಷ ದುಡಿದು ೧೬೯೪ರಲ್ಲಿ ತಮ್ಮ ನಿಘಂಟನ್ನು ಅಚ್ಚು ಹಾಕಿಸಿದ್ದರು. ಜಾನ್ಸನನು ತಾನೊಬ್ಬನೇ ಮೂರು ವರುಷಗಳಲ್ಲಿ ಮುಗಿಸುವೆನೆಂದು ಧೈರ್ಯದಿಂದ ಹೇಳಿದನು. ಆದರೆ ಒಂಭತ್ತು ವರುಷಗಳು ಹಿಡಿದವು.

ಗಫ್ ಸ್ಕ್ವೇರ್ ಎಂಬಲ್ಲಿ ಅವನು ಒಂದು ಮನೆಯನ್ನು ಬಾಡಿಗೆಗೆ ಹಿಡಿದನು. ಆ ಮನೆಯು ಇಂದಿಗೂ ನಿಂತಿದ್ದು ಜನರು ನೋಡುವದಕ್ಕಾಗಿ ತೆರೆದಿರುತ್ತದೆ. ಅದರ ಅಟ್ಟದಲ್ಲಿ ಆರು ಮಂದಿ ಬರಹಗಾರರನ್ನು ಕೂರಿಸಿದನು. ಅವರಲ್ಲಿ ಐವರು ಸ್ಕಾಟ್ಲೆಂಡಿನವರು. ಒಂದು ಕಾಲೂ ಒಂದು ಕೈಯೂ ಇಲ್ಲದ ಮುರುಕು ಕುರ್ಚಿಯಲ್ಲಿ ತಾನು ಕೂತು ಕೆಲಸ ಮಾಡಿದನು.

ಅವನ ಕೆಲಸದ ಕ್ರಮವು ಹೀಗಿತ್ತು. ಮೊದಲು ಶಬ್ದದ ಅರ್ಥವನ್ನು ತನ್ನ ತಲೆಯಿಂದ ಬರೆಯುವದಕ್ಕೆ ಅವನು ಹೋಗಲಿಲ್ಲ. ಒಳ್ಳೇ ಗ್ರಂಥಕರ್ತರ ಪುಸ್ತಕಗಳನ್ನು ತೆಗೆದುಕೊಂಡು ಓದುತ್ತಾ, ಒಂದು ಶಬ್ದವು ಚೆನ್ನಾಗಿ ಬಳಸಲ್ಪಟ್ಟ ಸ್ಥಳವನ್ನು ಕಂಡ ಕೂಡಲೆ ಅದರ ಕೆಳಗೆ ಸೀಸದ ಕಡ್ಡಿಯಿಂದ ಗೆರೆಯೆಳೆದು, ಆ ಶಬ್ದದ ಮೊದಲಿನ ಅಕ್ಷರವನ್ನು ಪುಟದ ಅಂಚಿನಲ್ಲಿ ಬರೆಯುವನು. ಬರಹಗಾರರು ಆ ವಾಕ್ಯವನ್ನು ಒಂದೊಂದು ಚೀಟಿಯಲ್ಲಿ ನಕಲು ಮಾಡುವರು. ಹೀಗೆ ಒಂದು ಶಬ್ದಕ್ಕೆ ಹತ್ತು ಇಪ್ಪತ್ತು ಚೀಟಿಗಳು ಕೂಡಿದ ಮೇಲೆ, ಜಾನ್ಸನನು ಅವುಗಳನ್ನು ಮುಂದಿಟ್ಟುಕೊಂಡು, ಈ ಸ್ಥಳದಲ್ಲಿ ಈ ಶಬ್ದವು ಏನು ಹೇಳುತ್ತದೆ, ಆ ಸ್ಥಳದಲ್ಲಿ ಏನು ಹೇಳುತ್ತದೆ ಎಂದು ವಿಚಾರಿಸಿ, ಒಂದೊಂದು ಅರ್ಥಕ್ಕೆ ಒಂದೊಂದು ಅಂಕೆಯನ್ನು ಕೊಟ್ಟು, ಅದರ ಕೆಳಗೆ ಸಾಕ್ಷಿಯಾಗಿ ಆ ವಾಕ್ಯಗಳನ್ನು ಇಡುವನು. ಎರವಲು ತಂದ ಪುಸ್ತಕಗಳಲ್ಲಿಯೂ ಅವನು ಗೆರೆಯೆಳೆಯುತ್ತಿದ್ದದರಿಂದ, ಅವುಗಳನ್ನು ಹಿಂದಕ್ಕೆ ಪಡೆದವರಿಗೆ ಸಂತೋಷವಾಗಲಿಲ್ಲವೆಂದು ಹೇಳುತ್ತಾರೆ.

ಉದಾಹರಣೆಗೆ ಟೇಕ್ ಎಂಬ ಶಬ್ದವನ್ನು ನೋಡಿರಿ. ನಮ್ಮ ಮಕ್ಕಳು ಇದಕ್ಕೆ ತೆಗೆದುಕೊಳ್ಳುವದೆಂಬ ಒಂದೇ ಅರ್ಥವನ್ನು ಕಲಿಯುತ್ತಾರೆ. ಆದರೆ ಇಂಗ್ಲಿಷರು ಔಷಧ ಕುಡಿಯುವದಕ್ಕೂ, ಕೋಟೆಯನ್ನು ಗೆಲ್ಲುವದಕ್ಕೂ, ಒಬ್ಬನನ್ನು ಒಂದು ಊರಿಗೆ ಕರೆದುಕೊಂಡು ಹೋಗುವದಕ್ಕೂ, ಒಂದು ಕೆಲಸಕ್ಕೆ ಕಾಲ ಹಿಡಿಯುವದಕ್ಕೂ ಈ ಶಬ್ದವನ್ನೇ ಬಳಸುತ್ತಾರೆ. ಜಾನ್ಸನನು ಈ ಒಂದು ಚಿಕ್ಕ ಶಬ್ದದಲ್ಲಿ ೧೩೪ ಅರ್ಥಗಳನ್ನು ಬೇರೆ ಬೇರೆಯಾಗಿ ತೋರಿಸಿದನು. ದೊಡ್ಡ ಶಬ್ದಗಳಿಗಿಂತ ದಿನಬಳಕೆಯ ಚಿಕ್ಕ ಶಬ್ದಗಳೇ ಹೆಚ್ಚು ಕಷ್ಟವಾದವುಗಳೆಂಬದು ಇದರಿಂದ ತಿಳಿಯುತ್ತದೆ.

ಸಾಕ್ಷಿವಾಕ್ಯಗಳನ್ನು ಆರಿಸುವದರಲ್ಲಿಯೂ ಅವನಿಗೆ ಒಂದು ಉದ್ದೇಶವಿತ್ತು. ಶಬ್ದವನ್ನು ಹುಡುಕಲು ಬಂದವನು ಅದರೊಂದಿಗೆ ಒಂದು ಒಳ್ಳೇ ವಿಚಾರವನ್ನೂ ಪಡೆದು ಹೋಗಬೇಕೆಂಬದೇ ಅದು. ಆದಕಾರಣ ಸತ್ಯವೇದದಿಂದಲೂ, ಹೂಕರ್, ಬೇಕನ್, ಶೇಕ್ಸ್‌ಪಿಯರ್, ಮಿಲ್ಟನ್ ಮೊದಲಾದವರ ಗ್ರಂಥಗಳಿಂದಲೂ ಬಹಳ ವಾಕ್ಯಗಳನ್ನು ತೆಗೆದನು. ಹಾಬ್ಸ್ ಎಂಬ ತತ್ವಜ್ಞಾನಿಯ ಭಾಷೆಯು ಚೆನ್ನಾಗಿದ್ದರೂ ಅವನ ಬೋಧನೆಯು ಹಾನಿಕರವೆಂದು ತಿಳಿದು ಅವನ ವಾಕ್ಯಗಳನ್ನು ಸೇರಿಸಲಿಲ್ಲ. ನಮ್ಮ ಕನ್ನಡ ಶಬ್ದಗಳನ್ನು ಇಂಗ್ಲಿಷಿನಲ್ಲಿ ವಿವರಿಸಿದ ಕಿಟ್ಟೆಲ್ ಪಂಡಿತರು ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ತಮ್ಮ ನಿಘಂಟಿನಲ್ಲಿ ಕಾವ್ಯಗಳಿಂದಲೂ ಗಾದೆಗಳಿಂದಲೂ ಉದಾಹರಣೆಗಳನ್ನು ಕೊಟ್ಟದ್ದನ್ನು ಬಲ್ಲವರಿಗೆ, ಈ ಕ್ರಮದ ಬೆಲೆಯು ಚೆನ್ನಾಗಿ ಗೊತ್ತಿರುತ್ತದೆ.

ಕೆಲಸವು ಸುಗಮವಾಗಿ ಸಾಗಲಿಲ್ಲ. ಕಾಗದದ ಎರಡು ಮಗ್ಗುಲಲ್ಲಿಯೂ ಬರೆದಿದ್ದರಿಂದ ಅಚ್ಚಿನವರಿಗೆ ಅನುಕೂಲವಾಗದೆ, ಎಷ್ಟೋ ಭಾಗವನ್ನು ತಿರಿಗಿ ಒಂದೇ ಮಗ್ಗುಲಲ್ಲಿ ಬರೆಯಿಸಬೇಕಾಯಿತು. ಕರಾರಿನ ಹಣವು ಕೆಲಸ ಮುಗಿಯುವದಕ್ಕೆ ಮುಂಚೆಯೇ ತೀರುತ್ತಾ ಬಂತು. ೧೭೫೨ರಲ್ಲಿ ಅವನ ಹೆಂಡತಿಯು ತೀರಿಹೋದಳು. ಅವನ ದುಃಖವು ಅಳತೆಮೀರಿದ್ದಾಗಿತ್ತು. ಆದರೂ ೧೭೫೩ನೆಯ ಏಪ್ರಿಲ್ ೩ರಲ್ಲಿ ಎರಡನೆಯ ಸಂಪುಟವನ್ನು ಆರಂಭಿಸುವಾಗ ಅವನು ಒಂದು ಪ್ರಾರ್ಥನೆಯನ್ನು ಬರೆದು, ಇದುವರೆಗೆ ನಡಿಸಿದ ದೇವರು ಉಳಿದ ಕೆಲಸದಲ್ಲಿಯೂ ತನ್ನನ್ನು ಬಲಪಡಿಸಬೇಕೆಂದು ಬೇಡಿಕೊಂಡನು.

೪. ಪೇಟ್ರನ್ ಎಂಬ ಶಬ್ದ

ಕೆಲವು ಶಬ್ದಗಳ ಅರ್ಥವನ್ನು ಜಾನ್ಸನನು ಪುಸ್ತಕಗಳಿಂದ ಕಲಿತದ್ದಲ್ಲದೆ ತನ್ನ ಅನುಭವದಿಂದಲೂ ಕಲಿತನು. ಪೇಟ್ರನ್ ಎಂಬದು ಅವುಗಳಲ್ಲಿ ಒಂದು. ಪೋಷಕನು, ಆಶ್ರಯದಾತನು ಎಂದು ಇದಕ್ಕೆ ಅರ್ಥ. ಆ ಕಾಲದಲ್ಲಿ ಗ್ರಂಥ ಬರೆಯುವವನು ಒಬ್ಬ ಧನಿಕ ಪ್ರಭುವನ್ನು ಪೇಟ್ರನ್ ಆಗಿ ಹಿಡಿದು, ಅವನ ಹೆಸರನ್ನು ಹೊಗಳಿ, ಅವನಿಂದ ಸಹಾಯವನ್ನು ಪಡೆಯುವದು ವಾಡಿಕೆಯಾಗಿತ್ತು. ಜಾನ್ಸನನೂ ೧೭೪೭ರಲ್ಲಿ ತನ್ನ ನಿಘಂಟಿನ ಯೋಜನೆಯನ್ನು ಚೆಸ್ಟರ್‌ಫೀಲ್ಡ್ ಪ್ರಭುವಿನ ಹೆಸರಿಗೆ ಬರೆದು ಪ್ರಕಟಿಸಿದನು. ಪ್ರಭುವು ಹತ್ತು ಪೌಂಡು ಕೊಟ್ಟನು. ಆ ಮೇಲೆ ಏಳು ವರುಷಗಳ ವರೆಗೆ ಈ ಬಡವನ ಕಡೆಗೆ ನೋಡಲಿಲ್ಲ. ೧೭೫೪ರ ಕೊನೆಯಲ್ಲಿ ನಿಘಂಟು ಮುಗಿಯುತ್ತಾ ಬಂದಿರುವ ಸುದ್ದಿಯನ್ನು ಕೇಳಿ, ಪ್ರಭುವು ಒಂದು ಪತ್ರಿಕೆಯಲ್ಲಿ ಎರಡು ಲೇಖನಗಳನ್ನು ಬರೆದು ಜಾನ್ಸನನನ್ನು ಬಹಳವಾಗಿ ಹೊಗಳಿದನು. ಪುಸ್ತಕವನ್ನು ತನ್ನ ಹೆಸರಿಗೆ ಅರ್ಪಿಸುವನೆಂದು ಅವನು ಆಶಿಸಿದನೆಂದು ಜನರು ತಿಳಿದುಕೊಂಡರು.

ಜಾನ್ಸನನು ೧೭೫೫ನೆಯ ಫೆಬ್ರವರಿ ೭ರಲ್ಲಿ ಆ ಪ್ರಭುವಿಗೆ ಒಂದು ಪತ್ರವನ್ನು ಬರೆದನು. ಅದರಲ್ಲಿ ಬೈಗುಳವಿಲ್ಲ, ಆದರೆ ಸತ್ಯವು ಮರೆಯಿಲ್ಲದೆ ಹೇಳಲ್ಪಟ್ಟಿದೆ. ತಾನು ಅವನ ಬಾಗಿಲಲ್ಲಿ ಕಾದು ಹಿಂದಿರುಗಿದ ದಿನದಿಂದ ಏಳು ವರುಷಗಳಾದವೆಂದೂ, ಆ ಕಾಲದಲ್ಲಿ ಒಂದು ಸಹಾಯವಾಗಲಿ ಒಂದು ದಯೆಯ ನೋಟವಾಗಲಿ ತನಗೆ ಸಿಕ್ಕಲಿಲ್ಲವೆಂದೂ, ಹೊಗಳಿಕೆಯನ್ನು ಕೇಳಿ ಸಂತೋಷಪಡಬೇಕಾದ ಹೆಂಡತಿಯೇ ಇಲ್ಲದ ಮೇಲೆ ಈ ದಯೆಯು ತಡವಾಗಿ ಬಂದಿತೆಂದೂ ತಿಳಿಸಿ, ಯಾರ ಆಶ್ರಯವೂ ಇಲ್ಲದೆ ದೇವರ ಕಟಾಕ್ಷದಿಂದ ತಾನು ಮಾಡಿದ ಕೆಲಸವನ್ನು ಆಶ್ರಯದಾತನಿಗೆ ಸಲ್ಲಿಸಲಾರೆನೆಂದು ಮುಗಿಸಿದನು. ನಿಘಂಟಿನಲ್ಲಿ ಪೇಟ್ರನ್ ಎಂಬ ಶಬ್ದಕ್ಕೆ ಪೋಷಕನು ಎಂಬ ಒಳ್ಳೇ ಅರ್ಥವನ್ನು ಕೊಟ್ಟ ಮೇಲೆ, ಲೋಕದಲ್ಲಿ ಇಂಥವನು ಸಾಮಾನ್ಯವಾಗಿ ಗರ್ವದಿಂದ ಕೊಡುವವನೂ ಮುಖಸ್ತುತಿಯನ್ನು ಪ್ರತಿಫಲವಾಗಿ ಪಡೆಯುವವನೂ ಆದ ನೀಚನಾಗಿರುವನೆಂಬ ಅಭಿಪ್ರಾಯವನ್ನೂ ಸೇರಿಸಿದನು.

೫. ಪುಸ್ತಕವು ಹೊರಟದ್ದು

೧೭೫೫ನೆಯ ಏಪ್ರಿಲ್ ೧೫ರಲ್ಲಿ ನಿಘಂಟು ಎರಡು ದೊಡ್ಡ ಸಂಪುಟಗಳಾಗಿ ಹೊರಬಿತ್ತು. ಅದರಲ್ಲಿ ೪೨,೭೭೩ ಶಬ್ದಗಳೂ ಸುಮಾರು ೧,೧೪,೦೦೦ ಸಾಕ್ಷಿವಾಕ್ಯಗಳೂ ಇದ್ದವು. ಬೆಲೆಯು ನಾಲ್ಕೂವರೆ ಪೌಂಡಾದದ್ದರಿಂದ ಬಡವರು ಕೊಳ್ಳಲಾರದೆ ಹೋದರು. ಆದಕಾರಣ ಮರುವರುಷವೇ ಹತ್ತು ಶಿಲಿಂಗಿನ ಚಿಕ್ಕ ಆವೃತ್ತಿಯನ್ನು ಹೊರಡಿಸಿದರು. ಪದವಿಯಿಲ್ಲದೆ ಹೊರಟವನಿಗೆ ಆಕ್ಸ್‌ಫರ್ಡ್ ವಿದ್ಯಾಪೀಠವು ಆ ವರುಷವೇ ಎಂ. ಎ. ಪದವಿಯನ್ನು ಕೊಟ್ಟಿತು. ಆದರೂ ೧೭೫೬ರಲ್ಲಿ ಆರು ಪೌಂಡಿಗೂ ಕಡಿಮೆಯಾದ ಸಾಲಕ್ಕಾಗಿ ಅವನು ಬಂಧಿಸಲ್ಪಟ್ಟಾಗ, ರಿಚರ್ಡ್‌ಸನ್ ಎಂಬ ಗ್ರಂಥಕರ್ತನು ಹಣ ಕಳುಹಿಸಿ ಬಿಡಿಸಬೇಕಾಯಿತು.

ಇಷ್ಟು ದೊಡ್ಡ ಪಂಡಿತನಿಗೂ ತಪ್ಪುಗಳಾದವು. ಪಾಸ್ಟರ್ನ್ ಎಂಬದು ಕುದುರೆಯ ಕಾಲಿನಲ್ಲಿ ಗೊರಸಿಗೂ ಅದರ ಮೇಲಿನ ಗಿಣ್ಣಿಗೂ ನಡುವೆ ಇರುವ ಭಾಗ. ಜಾನ್ಸನನು ಅದನ್ನು ಕುದುರೆಯ ಮೊಣಕಾಲೆಂದು ಬರೆದುಬಿಟ್ಟಿದ್ದನು. ಹೀಗೇಕೆ ಬರೆದಿರಿ ಎಂದು ಒಬ್ಬ ಸ್ತ್ರೀಯು ಕೇಳಿದಳು. ಸುತ್ತಲಿದ್ದವರು ಅವನು ಏನಾದರೂ ಪಾಂಡಿತ್ಯದ ಸಮಾಧಾನವನ್ನು ಹೇಳುವನೆಂದು ಕಾದರು. ಅವನಾದರೋ ಕೇವಲ ತನ್ನ ಅಜ್ಞಾನದಿಂದ ಬರೆದೆನೆಂದು ಒಪ್ಪಿಕೊಂಡನು. ೧೭೭೩ರಲ್ಲಿ ನಿಘಂಟನ್ನು ಪರಿಷ್ಕರಿಸಿದಾಗ ಅದನ್ನು ತಿದ್ದಿದನು. ತಿಳಿಯದ್ದನ್ನು ತಿಳಿಯದೆಂದು ಹೇಳುವವನೇ ಕಲಿಯಬಲ್ಲನು.

ಇನ್ನೊಂದು ಶಬ್ದವು ಅವನನ್ನು ಇಕ್ಕಟ್ಟಿನಲ್ಲಿ ಸಿಕ್ಕಿಸಿತು. ಪೆನ್ಷನ್ ಎಂಬದಕ್ಕೆ ಅವನು, ದೇಶದ್ರೋಹಕ್ಕಾಗಿ ಸರಕಾರದ ಆಳುಗಳಿಗೆ ಸಿಕ್ಕುವ ಕೂಲಿಯೆಂಬಂತೆ ಕಟುವಾಗಿ ಬರೆದಿದ್ದನು. ೧೭೬೨ರಲ್ಲಿ ಮೂರನೆಯ ಜಾರ್ಜ್ ಅರಸನು ಅವನಿಗೇ ವರುಷಕ್ಕೆ ೩೦೦ ಪೌಂಡು ಪೆನ್ಷನನ್ನು ಕೊಡಲಿಚ್ಛಿಸಿದನು! ಅವನು ಸಂಕೋಚಪಟ್ಟು ಸ್ನೇಹಿತರನ್ನು ಕೇಳಿದನು. ಅದು ಮುಂದೆ ಮಾಡಬೇಕಾದ ಯಾವ ಸೇವೆಗಾಗಿಯೂ ಅಲ್ಲ, ಈ ತನಕ ಮಾಡಿದ ಕೆಲಸಕ್ಕಾಗಿಯೇ ಕೊಡಲ್ಪಡುತ್ತದೆಂದು ಮಂತ್ರಿಯು ಭರವಸೆ ಕೊಟ್ಟ ಮೇಲೆ ಸ್ವೀಕರಿಸಿದನು. ಒಂದು ಶಬ್ದಕ್ಕೆ ತಾನು ಕೊಟ್ಟ ಅರ್ಥದ ಹೊರಗೂ ಇನ್ನೊಂದು ಅರ್ಥವಿರಬಹುದೆಂದು ನಿಘಂಟುಕಾರನೇ ಕಲಿಯಬೇಕಾಯಿತು.

೬. ಅವನ ಮನೆಯೂ ಹೃದಯವೂ

ಪೆನ್ಷನ್ ಬಂದ ಮೇಲೆ ಅವನು ಸುಖವಾಗಿ ಒಬ್ಬನೇ ಕೂರಲಿಲ್ಲ. ಕುರುಡಿಯಾದ ಆನಾ ವಿಲಿಯಮ್ಸ್, ಬಡವರಿಗೆ ಮದ್ದು ಕೊಡುತ್ತಿದ್ದ ರಾಬರ್ಟ್ ಲೆವೆಟ್ ಮೊದಲಾದ ಗತಿಯಿಲ್ಲದವರು ಅವನ ಮನೆಯಲ್ಲಿಯೇ ಆಶ್ರಯ ಪಡೆದರು. ಜಮೇಕಾ ದ್ವೀಪದಲ್ಲಿ ದಾಸತ್ವದಲ್ಲಿ ಹುಟ್ಟಿದ ಫ್ರಾನ್ಸಿಸ್ ಬಾರ್ಬರ್ ಎಂಬ ಕರಿಯ ಹುಡುಗನು ೧೭೫೨ರಲ್ಲಿ ಅವನ ಬಳಿಗೆ ಬಂದನು. ಜಾನ್ಸನನು ಅವನನ್ನು ಶಾಲೆಗೆ ಕಳುಹಿಸಿ ಓದಿಸಿದನು. ತಾನು ಸಾಯುವಾಗ ವರುಷಕ್ಕೆ ೭೦ ಪೌಂಡು ಅವನಿಗೆ ಸಲ್ಲುವಂತೆ ಏರ್ಪಡಿಸಿದನು. ದಾಸತ್ವದ ಪದ್ಧತಿಯನ್ನು ಅವನು ಬಹಿರಂಗವಾಗಿ ಖಂಡಿಸುತ್ತಿದ್ದನು.

ಸ್ಕಾಟ್ಲೆಂಡಿನ ಗುಡ್ಡಗಾಡಿನ ಜನರು ಗೇಲಿಕ್ ಎಂಬ ತಮ್ಮ ಭಾಷೆಯನ್ನಾಡುತ್ತಿದ್ದರು. ಅವರಿಗೆ ಆ ಭಾಷೆಯಲ್ಲಿ ಸತ್ಯವೇದವನ್ನು ಕೊಡಬಾರದು, ಕೊಟ್ಟರೆ ಅವರು ಇಂಗ್ಲಿಷನ್ನು ಕಲಿಯದೆ ಬೇರೆಯಾಗಿಯೇ ಉಳಿಯುವರು ಎಂದು ಕೆಲವರು ವಾದಿಸಿದರು. ಇಂಗ್ಲಿಷ್ ಭಾಷೆಗೆ ನಿಘಂಟನ್ನು ಕೊಟ್ಟ ಜಾನ್ಸನನು ಈ ವಾದವನ್ನು ಕೇಳಿ ಕೋಪಗೊಂಡು, ೧೭೬೬ರಲ್ಲಿ ಒಂದು ಪತ್ರವನ್ನು ಬರೆದು, ರಾಜಕಾರಣದ ನಿಮಿತ್ತ ಒಂದು ಜನಾಂಗವನ್ನು ಅಜ್ಞಾನದಲ್ಲಿಡುವದು ಘೋರವಾದ ಅಪರಾಧವೆಂದು ತಿಳಿಸಿದನು. ಮರುವರುಷ ಗೇಲಿಕ್ ಹೊಸ ಒಡಂಬಡಿಕೆಯು ಪ್ರಕಟವಾಯಿತು. ತಾಯಿನುಡಿಯಲ್ಲಿ ಸತ್ಯವೇದವನ್ನು ಓದುವ ನಾವು ಈ ಸಂಗತಿಯನ್ನು ನೆನಸತಕ್ಕದ್ದು.

೭. ಸಂತೆಯ ಬೀದಿಯಲ್ಲಿ

ಅವನು ಮುದುಕನಾದನು. ಅವನ ಕೀರ್ತಿಯು ದೇಶದಲ್ಲೆಲ್ಲಾ ಹರಡಿತ್ತು. ದೊಡ್ಡವರು ಅವನ ಮಾತನ್ನು ಕೇಳಲು ಕೂಡಿಬರುತ್ತಿದ್ದರು. ಆದರೆ ಸುಮಾರು ಐವತ್ತು ವರುಷಗಳ ಹಿಂದೆ ತಂದೆಯ ಮಾತನ್ನು ಮೀರಿದ ಆ ಒಂದು ದಿವಸವು ಅವನ ಮನಸ್ಸಿನಿಂದ ಹೋಗಿರಲಿಲ್ಲ. ಒಮ್ಮೆ ಅವನು ಯುಟಾಕ್ಸೆಟರಿಗೆ ಹೋದನು. ಅಂದು ಮಳೆಗಾಳಿಯು ಜೋರಾಗಿತ್ತು. ತಂದೆಯ ಪುಸ್ತಕದ ಮಳಿಗೆಯು ಇರುತ್ತಿದ್ದ ಸ್ಥಳವನ್ನು ಗುರುತಿಸಿ, ತಲೆಯ ಮೇಲಿನ ಟೊಪ್ಪಿಯನ್ನು ತೆಗೆದು, ಬರಿದಲೆಯಲ್ಲಿ ಬಹಳ ಹೊತ್ತು ಮಳೆಯಲ್ಲಿ ನೆನೆಯುತ್ತಾ ನಿಂತನು. ಸತ್ತ ತಂದೆಗೆ ಈಗ ಏನೂ ಹೇಳಲಾಗದು. ಆದರೂ ತನ್ನ ಗರ್ವಕ್ಕಾಗಿ ಅವನು ಹೀಗೆ ದುಃಖಪಟ್ಟನು. ತನ್ನ ಜೀವಮಾನದ ಕೊನೆಯಲ್ಲಿ ಈ ಸಂಗತಿಯನ್ನು ಸ್ನೇಹಿತರಿಗೆ ತಾನೇ ತಿಳಿಸಿ, ಈ ಪಶ್ಚಾತ್ತಾಪವು ವ್ಯರ್ಥವಾಗಲಿಲ್ಲವೆಂಬ ನಿರೀಕ್ಷೆಯನ್ನು ತೋರಿಸಿದನು.

೧೭೮೪ನೆಯ ಡಿಸೆಂಬರ್ ೧೩ರಲ್ಲಿ ಸಮುವೇಲ ಜಾನ್ಸನನು ತನ್ನ ಎಪ್ಪತ್ತೈದನೆಯ ವಯಸ್ಸಿನಲ್ಲಿ ನಿದ್ರೆಹೋದನು. ಅವನ ದೇಹವನ್ನು ಲಂಡನಿನ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಹೂಣಿಟ್ಟರು. ಆಕ್ಸ್‌ಫರ್ಡಿನ ದೊಡ್ಡ ನಿಘಂಟು ೧೯೨೮ರಲ್ಲಿ ಪೂರ್ಣವಾಗುವ ತನಕ ಅವನ ನಿಘಂಟಿಗೆ ಸಮಾನವಾದ ಮಾನವು ಇಂಗ್ಲೆಂಡಿನಲ್ಲಿ ಬೇರೆ ನಿಘಂಟಿಗೆ ಸಿಕ್ಕುವದು ಅಪರೂಪವಾಗಿತ್ತು. ಸಾಕ್ಷಿವಾಕ್ಯಗಳಿಂದ ಅರ್ಥವನ್ನು ತೋರಿಸುವ ಅವನ ಕ್ರಮವನ್ನೇ ಆ ಹೊಸ ನಿಘಂಟಿನವರೂ ಅನುಸರಿಸಿ ವಿಸ್ತರಿಸಿದರು.

ಪ್ರಿಯರೇ, ನಿಮ್ಮ ಮಕ್ಕಳು ಇಂಗ್ಲಿಷ್ ಶಬ್ದವೊಂದರ ಅರ್ಥವನ್ನು ಕೇಳಿದಾಗ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಡಿರಿ. ಅದು ಬಂದ ವಾಕ್ಯವನ್ನು ಓದಿಸಿರಿ. ಅದೇ ಶಬ್ದವು ಬೇರೆ ಎಲ್ಲೆಲ್ಲಿ ಬಂದಿದೆಯೋ ಹುಡುಕಿಸಿ, ಅಲ್ಲಿ ಏನು ಹೇಳುತ್ತದೆಂದು ವಿಚಾರಿಸಿರಿ. ಆ ಮೇಲೆ ಮಕ್ಕಳೇ ತಮ್ಮ ಸ್ವಂತ ವಾಕ್ಯದಲ್ಲಿ ಅದನ್ನು ಇಟ್ಟು ಮಾತಾಡಲಿ. ತಪ್ಪಾದರೆ ನಗಬೇಡಿರಿ, ನಿಮಗೇ ತಿಳಿಯದಿದ್ದರೆ ತಿಳಿಯದೆಂದು ಹೇಳಲು ನಾಚಬೇಡಿರಿ. ಪಶ್ಚಾತ್ತಾಪವೆಂಬ ಶಬ್ದಕ್ಕೆ ಜಾನ್ಸನನು ತನ್ನ ನಿಘಂಟಿನಲ್ಲಿ ಅರ್ಥವನ್ನು ಬರೆದೇ ಇದ್ದನು. ಆದರೂ ಸಂತೆಯ ಬೀದಿಯಲ್ಲಿ ಮಳೆಗೆ ನೆನೆದು ನಿಂತ ಆ ದಿವಸ ಅದನ್ನು ಇನ್ನೂ ಚೆನ್ನಾಗಿ ತಿಳಿದುಕೊಂಡಿರಬೇಕು. ದಯೆ, ಸತ್ಯ, ಕ್ಷಮೆ ಎಂಬ ಶಬ್ದಗಳನ್ನು ನಾವೂ ಪ್ರತಿ ಭಾನುವಾರ ಬಾಯಲ್ಲಿ ಹೇಳುತ್ತೇವೆ. ವಾರದ ಉಳಿದ ದಿನಗಳಲ್ಲಿ, ಮನೆಯಲ್ಲಿಯೂ ಹೊಲದಲ್ಲಿಯೂ ಅವುಗಳನ್ನು ಬಳಸಿದರೆ ಮಾತ್ರ ಅವುಗಳ ಅರ್ಥವು ನಮ್ಮ ಮಕ್ಕಳಿಗೆ ತಿಳಿದೀತು.